ದಿನಕ್ಕೆ ಅರ್ಧ ಗಂಟೆ, ಜೊತೆಗೊಬ್ಬರು

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬುದು ನಮ್ಮ ಹಿರಿಯರ ಗಾದೆ. ದುಡಿಯದೆ ಉಣ್ಣುವವನ ಮನೆಯಲ್ಲಿ ಎಷ್ಟು ಹಣವಿದ್ದರೂ ಕರಗಿಹೋಗುತ್ತದೆ ಎಂದು ಎಚ್ಚರಿಸಲು ಅವರು ಈ ಮಾತನ್ನು ಹೇಳಿದರು. ಇಂದು ಯಾವ ವೈದ್ಯರನ್ನು ಕೇಳಿದರೂ ಈ ಗಾದೆ ನಮ್ಮ ಶರೀರಕ್ಕೂ ಸರಿಯಾಗಿ ಹೊಂದುತ್ತದೆ ಎಂದಾರು. ದೇವರು ಕೊಟ್ಟ ಆರೋಗ್ಯವೆಂಬ ಹೊನ್ನಿನ ಕುಡಿಕೆ, ಕೂತಲ್ಲೇ ಕೂತವರಲ್ಲಿ ಸದ್ದಿಲ್ಲದೆ ಬರಿದಾಗುತ್ತದೆ. ಬರಿದಾದದ್ದು ತಿಳಿಯುವುದು ಆಸ್ಪತ್ರೆಯ ಚೀಟಿ ಕೈಗೆ ಬಂದ ದಿನ.

ಪ್ರಿಯ ಓದುಗರೇ, ಆ ಕುಡಿಕೆಯನ್ನು ತುಂಬಿಸಿಕೊಳ್ಳುವ ಒಂದು ದಾರಿಯ ಬಗ್ಗೆ ಈ ತಿಂಗಳು ಮಾತಾಡೋಣ. ಅದಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ, ಬೆಂಗಳೂರಿಗೆ ಹೋಗಬೇಕಿಲ್ಲ. ದೇವರು ಕೊಟ್ಟ ಎರಡು ಕಾಲು, ದಿನಕ್ಕೆ ಅರ್ಧ ಗಂಟೆ, ಸಾಧ್ಯವಾದರೆ ಜೊತೆಗೊಬ್ಬರು. ಇಷ್ಟಿದ್ದರೆ ಸಾಕು.

ನಮ್ಮದು ನಡೆದವರ ಸೀಮೆ

ರಾಯದುರ್ಗವಾಗಲಿ, ಮಡಕಶಿರಾವಾಗಲಿ, ಎರಡೂ ಬೆಟ್ಟದ ಕೋಟೆಯ ನೆರಳಿನಲ್ಲಿ ಬೆಳೆದ ಊರುಗಳು. ಇಲ್ಲಿ ಅನೇಕ ಮನೆಗಳ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಅಂದಿನ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳು ಆ ರಾಜ್ಯಕ್ಕೆ ಸೇರಿದವು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಬೇರ್ಪಟ್ಟು ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಭೂಪಟದ ಗೆರೆಗಳು ಹೀಗೆ ಬದಲಾದರೂ ಜನರ ಕಾಲುದಾರಿಗಳು ಬದಲಾಗಲಿಲ್ಲ. ರಾಯದುರ್ಗದವರು ಮೊಳಕಾಲ್ಮೂರಿನ ಕಡೆಗೆ, ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರದವರು ಶಿರಾ, ಪಾವಗಡದ ಕಡೆಗೆ ಹೆಣ್ಣು ಕೊಟ್ಟು ತಂದುಕೊಂಡು, ಸಂತೆ ಮಾಡಿ, ಜಾತ್ರೆ ನೋಡಿ ಬದುಕಿದರು.

ಆ ಓಡಾಟದಲ್ಲಿ ಬಹುಪಾಲು ಕಾಲ್ನಡಿಗೆಯೇ ಆಗಿತ್ತು. ನಿಮ್ಮ ಮನೆಯ ಅಜ್ಜಿಯನ್ನು ಕೇಳಿ ನೋಡಿ. ನೀರಿಗೆ ಎಷ್ಟು ದೂರ ಹೋಗುತ್ತಿದ್ದರು, ಸೌದೆಗೆ ಎಷ್ಟು ದೂರ, ಹೊಲಕ್ಕೆ ಎಷ್ಟು ದೂರ ಎಂದು ಅವರೇ ಲೆಕ್ಕ ಹೇಳುತ್ತಾರೆ. ಭಾನುವಾರದ ಪೂಜೆಗೆಂದು ಹಳ್ಳಿಯಿಂದ ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಹೊರಟು ದೇವಾಲಯ ಮುಟ್ಟುತ್ತಿದ್ದ ಕುಟುಂಬಗಳ ಕತೆಯನ್ನು ಹಳೆಯ ತಲೆಮಾರಿನವರು ಈಗಲೂ ಹೇಳುತ್ತಾರೆ.

ವಿಶ್ವಾಸವೂ ಈ ಸೀಮೆಗೆ ನಡೆದುಕೊಂಡೇ ಬಂತು. 18ನೆಯ ಶತಮಾನದಲ್ಲಿ ಕರ್ನಾಟಿಕ್ ಮಿಷನ್ನಿನ ಫ್ರೆಂಚ್ ಯೇಸುಸಭೆಯ ಗುರುಗಳು ಸನ್ಯಾಸಿಗಳ ಉಡುಪಿನಲ್ಲಿ, ಸಸ್ಯಾಹಾರ ಉಂಡು, ಊರಿಂದೂರಿಗೆ ಹೋಗಿ ಈ ಒಣ ಸೀಮೆಯಲ್ಲಿ ಶುಭಸಂದೇಶ ಸಾರಿದರು. ಅದಕ್ಕೂ ಮೊದಲು 1542ರಲ್ಲಿ ಭಾರತಕ್ಕೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರರು ಮುತ್ತಿನ ಕರಾವಳಿಯ ಮರಳಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದರು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಪ್ರಭುವೇ ಗಲಿಲೇಯದಿಂದ ಜೆರುಸಲೇಮಿನವರೆಗೆ ಕಾಲ್ನಡಿಗೆಯಲ್ಲಿ ಓಡಾಡಿದವರು. ಗರ್ಭವತಿಯಾದ ಮಾತೆ ಮರಿಯಮ್ಮನವರು ಎಲಿಜಬೇತಳನ್ನು ಕಾಣಲು ಜುದೇಯದ ಬೆಟ್ಟದ ಸೀಮೆಗೆ ಅವಸರದಿಂದ ಹೋದರು ಎಂದು ಸಂತ ಲೂಕರು ಬರೆಯುತ್ತಾರೆ. ಅಂದು ಯಾರೂ ಇದನ್ನು ವ್ಯಾಯಾಮ ಎಂದು ಕರೆಯಲಿಲ್ಲ. ಬದುಕಬೇಕಾದರೆ ನಡೆಯಲೇಬೇಕಿತ್ತು, ಅಷ್ಟೇ.

ನಡಿಗೆ ನಿಂತಿತು, ಕಾಯಿಲೆ ಕೂತಿತು

ಈಗಿನ ಸ್ಥಿತಿ ನೋಡೋಣ. ಮನೆಗೊಂದು ಬೈಕು ಬಂದಿದೆ. ಅಂಗಡಿಗೆ ನೂರು ಹೆಜ್ಜೆಯಿದ್ದರೂ ಬೈಕು ಸ್ಟಾರ್ಟ್ ಆಗುತ್ತದೆ. ನಲ್ಲಿ ನೀರು ಬಂದಿದೆ, ಗ್ಯಾಸ್ ಬಂದಿದೆ, ಇವೆಲ್ಲ ದೇವರ ಕೃಪೆ, ನಮ್ಮ ತಾಯಂದಿರ ಬೆನ್ನು ಉಳಿದಿದೆ. ಮಳೆಯನ್ನು ನಂಬಿದ ಶೇಂಗಾ ಬೆಳೆ ಕೈಕೊಟ್ಟಾಗ ಅನೇಕರು ಹೊಲ ಬಿಟ್ಟು ಬೇರೆ ದುಡಿಮೆ ಹಿಡಿದರು. ರಾಯದುರ್ಗದಲ್ಲಿ ಜೀನ್ಸ್ ಮತ್ತು ಸಿದ್ಧ ಉಡುಪು ಹೊಲಿಯುವ ಕೆಲಸ ಎಷ್ಟೋ ಮನೆಗಳ ಒಲೆ ಉರಿಸುತ್ತಿದೆ. ಆದರೆ ಆ ಕೆಲಸ ಕೂತು ಮಾಡುವಂಥದ್ದು. ಬೆಳಿಗ್ಗೆ ಮಿಷನ್ ಮುಂದೆ ಕೂತವರು ಊಟಕ್ಕೆ ಎದ್ದು, ಮತ್ತೆ ಕೂತು, ರಾತ್ರಿಗೇ ಏಳುತ್ತಾರೆ. ಅಪ್ಪ ಹೊಲದಲ್ಲಿ ದಿನಕ್ಕೆ ಹತ್ತಾರು ಸಾವಿರ ಹೆಜ್ಜೆ ನಡೆದರೆ ಮಗ ಅದರ ಕಾಲು ಭಾಗವನ್ನೂ ನಡೆಯುತ್ತಿಲ್ಲ. ಊಟ ಮಾತ್ರ ಅಪ್ಪನ ಅಳತೆಯದೇ: ಅದೇ ಮುದ್ದೆ, ಅದೇ ಅನ್ನ, ಅದರ ಮೇಲೆ ಬೇಕರಿಯ ತಿಂಡಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಚಹಾ.

ಇದರ ಫಲ ಏನೆಂದು ದೇಶದ ಲೆಕ್ಕವೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿಗೆ ರಕ್ತದ ಒತ್ತಡ, ಅಂದರೆ ಬಿಪಿ ಇದೆ. ಸಕ್ಕರೆ ಕಾಯಿಲೆ ಪಟ್ಟಣದ ಸಾಹುಕಾರರಿಗೆ ಬರುವಂಥದ್ದು ಎಂಬ ಹಳೆಯ ನಂಬಿಕೆ ಸುಳ್ಳಾಗಿದೆ. ಮನೆ ಭೇಟಿಗೆ ಹೋದ ಯಾವ ಗುರುಗಳನ್ನು ಕೇಳಿದರೂ ಹೇಳುತ್ತಾರೆ: ಪವಿತ್ರ ಬೈಬಲ್ ಇಡುವ ಗೂಡಿನ ಪಕ್ಕದಲ್ಲೇ ಈಗ ಮಾತ್ರೆಗಳ ಡಬ್ಬಿಯೂ ಇರುತ್ತದೆ. ಸಂಬಳದ ಒಂದು ಪಾಲು ಪ್ರತಿ ತಿಂಗಳು ಔಷಧಿ ಅಂಗಡಿಗೆ ಹೋಗುತ್ತಿದೆ.

ಡ್ರೈವರ್ ಮತ್ತು ಕಂಡಕ್ಟರ್

ಕೂರುವುದಕ್ಕೂ ಕಾಯಿಲೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಸ್ಸಿನಲ್ಲಿ. ಲಂಡನ್ ನಗರದ ಎರಡು ಅಂತಸ್ತಿನ ಬಸ್ಸುಗಳಲ್ಲಿ ಕೆಲಸ ಮಾಡುವವರನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿ 1953ರಲ್ಲಿ ವರದಿ ಪ್ರಕಟಿಸಿದರು. ಡ್ರೈವರ್ ಇಡೀ ದಿನ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರದೂ ಅದೇ ಬಸ್ಸು, ಅದೇ ರಸ್ತೆ. ಆದರೆ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು, ಜೀವ ತೆಗೆಯುವಷ್ಟು ಉಗ್ರವಾಗಿರುತ್ತಿದ್ದುದೂ ಕಡಿಮೆ. ಆ ವೈದ್ಯರು ತಾವು ಕಂಡದ್ದನ್ನು ತಾವೂ ಪಾಲಿಸಿ, ವ್ಯಾಯಾಮ ಬಿಡದೆ, 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ಮುಂದಿನ ಸಲ ಬಳ್ಳಾರಿ ಬಸ್ಸಿನಲ್ಲೋ ಹಿಂದೂಪುರದ ಬಸ್ಸಿನಲ್ಲೋ ಕೂತಾಗ ಈ ಮಾತು ನೆನಪಿಸಿಕೊಳ್ಳಿ. ನಾನು ಬದುಕಿನಲ್ಲಿ ಡ್ರೈವರ್ ಸೀಟಿನಲ್ಲಿದ್ದೇನೋ, ಕಂಡಕ್ಟರ್ ಕೆಲಸದಲ್ಲಿದ್ದೇನೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ನಡೆದಾಗ ದೇಹದೊಳಗೆ ಏನಾಗುತ್ತದೆ?

ಮೊದಲನೆಯದು ಸಕ್ಕರೆ. ನಾವು ಉಂಡ ಅನ್ನ ಮುದ್ದೆ ರಕ್ತದಲ್ಲಿ ಸಕ್ಕರೆಯಾಗಿ ಸೇರುತ್ತದೆ. ಅದು ಮಾಂಸಖಂಡದೊಳಗೆ ಹೋಗಲು ಇನ್ಸುಲಿನ್ ಎಂಬ ಕೀಲಿಕೈ ಬೇಕು. ಸಕ್ಕರೆ ಕಾಯಿಲೆಯವರಲ್ಲಿ ಈ ಕೀಲಿಕೈ ಸರಿಯಾಗಿ ತಿರುಗುವುದಿಲ್ಲ. ಆದರೆ ಕಾಲಿನ ಮಾಂಸಖಂಡಗಳು ಕೆಲಸ ಮಾಡುತ್ತಿರುವಾಗ ಆ ಕೀಲಿಕೈಗೆ ಕಾಯದೆ ಬೇರೆ ಬಾಗಿಲಿನಿಂದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಆದ್ದರಿಂದಲೇ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ನಡೆದರೂ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ಉಂಡ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡು ಎನ್ನುತ್ತಿದ್ದ ತಾತನ ಮಾತು ಸರಿಯಾಗಿಯೇ ಇತ್ತು.

ಕಾಯಿಲೆ ಬರುವ ಮೊದಲೇ ತಡೆಯಬಹುದೇ? ಬಹಳ ಮಟ್ಟಿಗೆ ತಡೆಯಬಹುದು. ಚೆನ್ನೈನ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆಯಿಲ್ಲದೆ ಬಿಟ್ಟ ಗುಂಪಿನಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ದಿನಾ ನಡೆಯಿರಿ, ಊಟದಲ್ಲಿ ಹಿತಮಿತವಿರಲಿ ಎಂದು ಮತ್ತೆ ಮತ್ತೆ ತಿಳಿಹೇಳಿದ ಗುಂಪಿನಲ್ಲಿ ಅದು ಸುಮಾರು 39ಕ್ಕೆ ಇಳಿಯಿತು. ಮಾತ್ರೆ ಕೊಟ್ಟ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಕೆ. ಹಣ ಕೊಟ್ಟು ತರುವ ಮಾತ್ರೆಯಷ್ಟೇ ಕೆಲಸವನ್ನು ಪುಕ್ಕಟೆ ನಡಿಗೆ ಮತ್ತು ಹಿತಮಿತ ಊಟ ಮಾಡಿದವು. ಅವರೆಲ್ಲ ನಮ್ಮಂತೆಯೇ ಅನ್ನ ಸಾರು ಉಣ್ಣುವ ಜನ ಎಂಬುದನ್ನು ಗಮನಿಸಿ.

ಎರಡನೆಯದು ಹೃದಯ. ನಡೆಯುವಾಗ ಮೀನಖಂಡಗಳು ಹಿಂಡಿದಂತಾಗಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಇದಕ್ಕಾಗಿಯೇ ವೈದ್ಯರು ಅವನ್ನು ಎರಡನೆಯ ಹೃದಯ ಎನ್ನುತ್ತಾರೆ. ನಿತ್ಯ ನಡೆಯುವವರಲ್ಲಿ ಬಿಪಿ ತುಸು ಇಳಿಯುತ್ತದೆ, ರಕ್ತನಾಳಗಳು ಮೃದುವಾಗಿರುತ್ತವೆ.

ಮೂರನೆಯದು ಮೂಳೆ ಮತ್ತು ಕೀಲು. ನಡೆದರೆ ಮಂಡಿ ಸವೆಯುತ್ತದೆ ಎಂದು ಹೆದರಿ ಕೂತುಬಿಡುವ ಹಿರಿಯರು ಬಹಳ. ನಿಜವಾಗಿ ಮಂಡಿಯ ಸುತ್ತಲಿನ ಸ್ನಾಯುಗಳು ಗಟ್ಟಿಯಾದರೆ ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಕೀಲುಗಳ ಸವೆತದ ನೋವಿಗೆ ಮಿತವಾದ ನಡಿಗೆ ಹಿತ ಎಂದೇ ವೈದ್ಯರ ಸಲಹೆ. ಆದರೆ ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಅಂಥ ಊರಿನವರಿಗೆ ಬೆನ್ನು ಬಗ್ಗದಂಥ ಬಿಗಿತ, ಕೀಲು ನೋವು ಇದ್ದರೆ ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ನಡಿಗೆಯ ಅಳತೆ ಗೊತ್ತುಮಾಡಿಕೊಳ್ಳಲಿ.

ಎಷ್ಟು ನಡೆಯಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸಲಹೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ನಡೆದರೆ 150 ನಿಮಿಷ ಆಯಿತು. ಒಂದೇ ಸಲಕ್ಕೆ ನಡೆಯಬೇಕೆಂದೂ ಇಲ್ಲ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಊಟದ ನಂತರ ಹತ್ತು, ರಾತ್ರಿ ಹತ್ತು ನಿಮಿಷವಾದರೂ ಲೆಕ್ಕಕ್ಕೆ ಬರುತ್ತದೆ. ನಮ್ಮ ತಾಯಂದಿರಿಗೆ ಸುಲಭವಾದ ಇನ್ನೊಂದು ಅಳತೆಯಿದೆ: ಐದು ರಹಸ್ಯಗಳ ಜಪಸರವನ್ನು ಸಾವಧಾನವಾಗಿ ಹೇಳಿ ಮುಗಿಸಲು ಹಿಡಿಯುವುದು ಸುಮಾರು ಇಪ್ಪತ್ತು ನಿಮಿಷ. ಜಪಸರ ಹಿಡಿದು ನಡೆದರೆ ಗಡಿಯಾರವೇ ಬೇಡ.

ವೇಗ ಎಷ್ಟಿರಬೇಕು? ನಡೆಯುತ್ತಾ ಪಕ್ಕದವರೊಡನೆ ಮಾತಾಡಲು ಆಗಬೇಕು, ಆದರೆ ಹಾಡು ಹೇಳಲು ಆಗಬಾರದು. ಅದೇ ಸರಿಯಾದ ವೇಗ. ಹಾಡು ಸರಾಗವಾಗಿ ಬಂದರೆ ಹೆಜ್ಜೆ ತುಸು ಚುರುಕಾಗಲಿ, ಮಾತೇ ಹೊರಡದಿದ್ದರೆ ತುಸು ನಿಧಾನವಾಗಲಿ.

ದಿನಕ್ಕೆ 10,000 ಹೆಜ್ಜೆ ನಡೆಯಲೇಬೇಕು ಎಂದು ಮೊಬೈಲು ನೋಡಿ ಚಿಂತಿಸುವ ಯುವಕರಿದ್ದಾರೆ. ಈ ಸಂಖ್ಯೆ ಬಂದದ್ದು ವೈದ್ಯರಿಂದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸರಾಸರಿ 72 ವರ್ಷದ ಮಹಿಳೆಯರನ್ನು ಗಮನಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಯ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಅಜ್ಜಿಯರೇ, ಹತ್ತು ಸಾವಿರ ಆಗದೆಂದು ಮಂಚ ಹಿಡಿಯಬೇಡಿ. ಇಂದು ಬಾಗಿಲವರೆಗೆ ನಡೆಯುವವರು ನಾಳೆ ಬೀದಿಯ ಕೊನೆಯವರೆಗೆ ನಡೆಯಿರಿ.

"ಮನೆಗೆಲಸ ಮಾಡ್ತೀನಲ್ಲ ಫಾದರ್"

ನಡೆಯಿರಿ ಎಂದಾಗ ಬರುವ ಉತ್ತರಗಳು ಮೂರು ನಾಲ್ಕು. ಗೃಹಿಣಿಯರು, "ಬೆಳಗಿನಿಂದ ರಾತ್ರಿಯವರೆಗೂ ಮನೆಗೆಲಸ ಮಾಡ್ತೀನಲ್ಲ ಫಾದರ್, ಇನ್ನೇನು ನಡಿಗೆ?" ಎನ್ನುತ್ತಾರೆ. ಕಸ ಗುಡಿಸುವುದು, ಬಟ್ಟೆ ಒಗೆಯುವುದು ಖಂಡಿತವಾಗಿ ಶ್ರಮವೇ, ಅದು ವ್ಯರ್ಥವಲ್ಲ. ಆದರೆ ಅಡುಗೆಮನೆಯಲ್ಲಿ ನಿಂತೇ ಇರುವುದರಿಂದ ಕಾಲು ನೋಯುತ್ತದೆಯೇ ಹೊರತು ಹೃದಯಕ್ಕೆ ಬೇಕಾದ ಬಿಡುವಿಲ್ಲದ ಲಯ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದುದು, ಮನೆಗೆಲಸದಲ್ಲಿ ಮನಸ್ಸು ಮನೆಯಿಂದ ಹೊರಗೆ ಬರುವುದೇ ಇಲ್ಲ. ತಾಯಿ, ನಿನಗಾಗಿ ಎಂದು ದಿನದಲ್ಲಿ ಅರ್ಧ ಗಂಟೆಯೂ ಇಲ್ಲದಿದ್ದರೆ ಆ ಮನೆಯವರು ಯೋಚಿಸಬೇಕು.

ಇನ್ನು ಕೆಲವು ಅಕ್ಕಂದಿರು ಬಾಯಿಬಿಟ್ಟು ಹೇಳದ ಕಾರಣವಿದೆ. ಹೆಂಗಸೊಬ್ಬಳು ಕೆಲಸವಿಲ್ಲದೆ ರಸ್ತೆಯಲ್ಲಿ ನಡೆದರೆ ಊರವರು ಏನೆನ್ನುತ್ತಾರೋ ಎಂಬ ಸಂಕೋಚ. ಕೊಡ ಹೊತ್ತು ಎರಡು ಮೈಲಿ ನಡೆದಾಗ ಯಾರೂ ಏನೂ ಅನ್ನಲಿಲ್ಲ, ಬರಿಗೈಯಲ್ಲಿ ನಡೆದರೆ ಮಾತ್ರ ಮಾತು ಹುಟ್ಟುತ್ತದೆ! ಈ ಸಂಕೋಚವನ್ನು ಬಿಡಿಸುವ ಹೊಣೆ ಗಂಡಸರದು. ಸಂಜೆ ಟಿವಿಯ ಮುಂದೆ ಕೂರುವ ಬದಲು ಹೆಂಡತಿಯೊಡನೆ ಶಾಲೆಯ ಮೈದಾನಕ್ಕೆ ಎರಡು ಸುತ್ತು ಬನ್ನಿ. ಅತ್ತೆ ಸೊಸೆ ಜೊತೆಯಾಗಿ ಹೋದರಂತೂ ಆ ಮನೆಯ ಅರ್ಧ ಜಗಳ ದಾರಿಯಲ್ಲೇ ಉದುರಿಹೋದೀತು.

ಹೊಲಿಗೆ ಕೆಲಸದವರಿಗೆ ಒಂದು ಸಲಹೆ. ಅರ್ಧ ಗಂಟೆಗೊಮ್ಮೆ ಮಿಷನ್ನಿನಿಂದ ಎದ್ದು ಎರಡು ನಿಮಿಷ ಓಡಾಡಿ. ನೀರಿನ ಬಾಟಲಿಯನ್ನು ಪಕ್ಕದಲ್ಲಿಡದೆ ದೂರದಲ್ಲಿಡಿ, ಕುಡಿಯಬೇಕೆಂದಾಗಲೆಲ್ಲ ಏಳಬೇಕಾಗುತ್ತದೆ. ತುಂಡಿನ ಲೆಕ್ಕದಲ್ಲಿ ದುಡಿಯುವವರಿಗೆ ಪ್ರತಿ ನಿಮಿಷಕ್ಕೂ ಬೆಲೆಯಿದೆ ಎಂಬುದು ಗೊತ್ತಿರುವ ಸಂಗತಿಯೇ. ಆದರೆ ಸೊಂಟ ಹಿಡಿದುಕೊಂಡು ಒಂದು ವಾರ ಮಲಗಿದರೆ ಹೋಗುವ ದುಡಿಮೆ ಅದಕ್ಕಿಂತ ಹೆಚ್ಚು.

ಹೊಲದಲ್ಲಿ, ಕೂಲಿಯಲ್ಲಿ ಮೈಮುರಿದು ದುಡಿಯುವವರಿಗೆ ಬೇಕಾದದ್ದು ವಿಶ್ರಾಂತಿ, ಹೊಟ್ಟೆ ತುಂಬ ಊಟ. ಅವರಿಗೆ ಮತ್ತೆ ನಡೆಯಿರಿ ಎಂದು ಉಪದೇಶ ಮಾಡುವುದು ನ್ಯಾಯವಲ್ಲ.

ಮನಸ್ಸಿನ ಭಾರ

ಇಲ್ಲಿಯವರೆಗೆ ಹೇಳಿದ್ದು ಶರೀರದ ಮಾತು. ನಮ್ಮ ಸೀಮೆಯಲ್ಲಿ ಇದಕ್ಕಿಂತಲೂ ಭಾರವಾದ ಇನ್ನೊಂದು ಕಾಯಿಲೆಯಿದೆ. ಅದು ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಮಳೆ ಬಾರದ ವರ್ಷ, ಬತ್ತಿದ ಬೋರ್‌ವೆಲ್, ತೀರದ ಸಾಲ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ ಮನೆಯಲ್ಲಿ ಇಬ್ಬರೇ ಉಳಿದ ತಂದೆತಾಯಿ. ಮೊದಲು ಕಟ್ಟೆಯ ಮೇಲೆ ಕೂತು ಹರಟುತ್ತಿದ್ದವರು ಈಗ ಬಾಗಿಲು ಹಾಕಿಕೊಂಡು ಮಾತು ಬಿಟ್ಟಿದ್ದಾರೆ. ರಾಯಲಸೀಮೆಯ ರೈತರ ಆತ್ಮಹತ್ಯೆಗಳ ಸುದ್ದಿಯನ್ನು ನಾವು ವರ್ಷ ವರ್ಷ ಓದುತ್ತಾ ಬಂದಿದ್ದೇವೆ. ಸುದ್ದಿಯಾಗುವ ಮುಂಚೆ ಆ ಮನುಷ್ಯ ಎಷ್ಟು ದಿನ ಒಬ್ಬನೇ ಕೂತಿದ್ದನೋ!

ಪ್ರವಾದಿ ಎಲೀಯನಿಗೂ ಇಂಥ ದಿನ ಬಂದಿತ್ತು. ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಮರುಭೂಮಿಯ ಗಿಡವೊಂದರ ಕೆಳಗೆ ಕೂತು, ಸಾವನ್ನೇ ಬೇಡಿಕೊಂಡ ಎಂದು ಅರಸುಗಳ ಮೊದಲನೆಯ ಗ್ರಂಥ ಹೇಳುತ್ತದೆ. ದೇವರು ಏನು ಮಾಡಿದರು? ಬೈಯಲಿಲ್ಲ. ನಿನ್ನ ವಿಶ್ವಾಸ ಎಲ್ಲಿ ಎಂದು ಕೇಳಲಿಲ್ಲ. ಮೊದಲು ನಿದ್ರೆ ಮಾಡಲು ಬಿಟ್ಟರು. ದೂತನ ಮೂಲಕ ರೊಟ್ಟಿ, ನೀರು ಕೊಟ್ಟರು. ಮತ್ತೆ ಮಲಗಲು ಬಿಟ್ಟು, ಎಬ್ಬಿಸಿ, ಮತ್ತೆ ಉಣಿಸಿದರು. ಅದಾದ ಮೇಲೆ ಎಲೀಯ ಹೋರೇಬ್ ಬೆಟ್ಟದ ಕಡೆಗೆ ನಡೆದ, ನಲವತ್ತು ಹಗಲು ನಲವತ್ತು ರಾತ್ರಿ. ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಆ ನಡಿಗೆಯ ಕೊನೆಯಲ್ಲಿ. ನಿದ್ರೆ, ಊಟ, ನಡಿಗೆ, ನಂತರ ಮಾತು. ಮನಸ್ಸು ಕುಸಿದವರನ್ನು ಎತ್ತುವ ಕ್ರಮವನ್ನು ನಮ್ಮ ಪವಿತ್ರ ಗ್ರಂಥ ಎಷ್ಟು ಚೆನ್ನಾಗಿ ತಿಳಿದಿದೆ!

ವೈದ್ಯ ವಿಜ್ಞಾನವೂ ಇದರ ಹತ್ತಿರ ಬಂದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಖಿನ್ನತೆಯಿಂದ ನರಳುತ್ತಿದ್ದ 50 ವರ್ಷ ಮೀರಿದ 156 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಾತ್ರೆ, ಒಂದಕ್ಕೆ ನಡಿಗೆಯಂಥ ವ್ಯಾಯಾಮ, ಒಂದಕ್ಕೆ ಎರಡೂ. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ 16 ವಾರಗಳ ನಂತರ ಮೂರೂ ಗುಂಪಿನವರು ಹೆಚ್ಚುಕಡಿಮೆ ಸಮನಾಗಿ ಚೇತರಿಸಿಕೊಂಡಿದ್ದರು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ ನಲವತ್ತು ನಿಮಿಷದಂತೆ ಒಂದು ವರ್ಷ ನಡೆದ ಹಿರಿಯರ ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗ ಸುಮಾರು ನೂರಕ್ಕೆ ಎರಡರಷ್ಟು ಬೆಳೆದಿತ್ತು. ವಯಸ್ಸಾದಂತೆ ಆ ಭಾಗ ಕುಗ್ಗುವುದು ಸಹಜ, ನಡಿಗೆ ಅದನ್ನು ಹಿಂದಕ್ಕೆ ತಿರುಗಿಸಿತು. ನಿತ್ಯ ನಡೆಯುವವರಿಗೆ ನಿದ್ರೆ ಚೆನ್ನಾಗಿ ಬರುತ್ತದೆ ಎಂಬುದಂತೂ ಮಾಡಿ ನೋಡಿದವರಿಗೇ ಗೊತ್ತು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಡಿಗೆ ಸಾಲ ತೀರಿಸುವುದಿಲ್ಲ. ತೀವ್ರ ಖಿನ್ನತೆಗೆ ಅದೊಂದೇ ಮದ್ದೂ ಅಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ನಡೆಯುತ್ತೇನೆಂದು ಬಿಡಬೇಡಿ. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಿದ್ದರೆ, ಅದು ಪಾಪವೆಂದು ಹೆದರಿಸದೆ ಅಂದೇ ವೈದ್ಯರಿಗೆ ತೋರಿಸಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಮಾತಾಡಬಹುದು.

ಎಮ್ಮಾವು ದಾರಿಯ ಪಾಠ

ಹಾಗಾದರೆ "ಜೊತೆಗೊಬ್ಬರು" ಎಂದು ತಲೆಬರಹದಲ್ಲೇ ಏಕೆ ಬರೆದದ್ದು? ಸಂತ ಲೂಕರ ಶುಭಸಂದೇಶದ 24ನೆಯ ಅಧ್ಯಾಯವನ್ನು ಇಂದು ಮನೆಯಲ್ಲಿ ಓದಿ. ಪ್ರಭು ಶಿಲುಬೆಯಲ್ಲಿ ಮಡಿದಿದ್ದಾರೆ. ಆಸೆ ಮುರಿದ ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವು ಎಂಬ ಹಳ್ಳಿಗೆ ಹೊರಟಿದ್ದಾರೆ, ಸುಮಾರು 11 ಕಿಲೋಮೀಟರ್ ದಾರಿ. ಮೂರನೆಯವರೊಬ್ಬರು ಬಂದು ಜೊತೆಗೂಡುತ್ತಾರೆ. ಅವರು ಮೊದಲು ಮಾಡಿದ್ದು ಪ್ರಸಂಗವಲ್ಲ. ಏನು ಮಾತಾಡುತ್ತಿದ್ದೀರಿ ಎಂದು ಕೇಳಿದರು. ಆ ಇಬ್ಬರು ಎದೆಯಲ್ಲಿದ್ದುದನ್ನೆಲ್ಲ ಹೇಳಿ ಮುಗಿಸುವವರೆಗೂ ಪಕ್ಕದಲ್ಲಿ ನಡೆದರು. ಆಮೇಲೆ ಪವಿತ್ರ ಗ್ರಂಥವನ್ನು ವಿವರಿಸಿದರು.

ನಮ್ಮ ಗಂಡಸರಿಗೆ ಎದುರಿಗೆ ಕೂರಿಸಿಕೊಂಡು "ನಿನ್ನ ಕಷ್ಟ ಏನು?" ಎಂದು ಕೇಳಿದರೆ ಬಾಯಿ ಬರುವುದಿಲ್ಲ. "ಏನೂ ಇಲ್ಲ, ಚೆನ್ನಾಗಿದೀನಿ" ಎಂದು ಎದ್ದುಹೋಗುತ್ತಾರೆ. ಅದೇ ಪಕ್ಕದಲ್ಲಿ ನಡೆಯುವಾಗ ಕಣ್ಣಿಗೆ ಕಣ್ಣು ಕೊಡಬೇಕಿಲ್ಲ, ದೃಷ್ಟಿ ದಾರಿಯ ಮೇಲಿರುತ್ತದೆ. ಎರಡನೆಯ ಸುತ್ತಿಗೋ ಮೂರನೆಯ ಸುತ್ತಿಗೋ ಮಾತು ತಾನಾಗಿ ಬರುತ್ತದೆ. ಸಾಲದ ಮಾತು, ಮಗಳ ಮದುವೆಯ ಮಾತು, ಕುಡಿತ ಬಿಡಲಾಗದ ಮಾತು. ಹದಿಹರೆಯದ ಮಗನೊಡನೆ ಜಗಳವಾಡಿ ಸೋತ ತಂದೆ, ಅವನನ್ನು ಕರೆದುಕೊಂಡು ಕೆರೆ ಏರಿಯ ಮೇಲೆ ಒಂದು ವಾರ ಸುಮ್ಮನೆ ನಡೆಯಲಿ. ಬುದ್ಧಿಮಾತು ಹೇಳದೆ ನಡೆಯಲಿ. ಏಳನೆಯ ದಿನಕ್ಕೆ ಮಗನೇ ಮಾತು ತೆಗೆದರೆ ಆಶ್ಚರ್ಯವಿಲ್ಲ.

ಜೊತೆಗಿದ್ದರೆ ಇನ್ನೊಂದು ಲಾಭವೂ ಉಂಟು. ಒಬ್ಬರೇ ನಡೆಯಲು ಹೊರಟವರು ಹತ್ತು ದಿನಕ್ಕೆ ಬಿಟ್ಟುಬಿಡುತ್ತಾರೆ. ಪಕ್ಕದ ಮನೆಯವರು ಬಾಗಿಲು ತಟ್ಟಿದರೆ ಸೋಮಾರಿತನ ಎದ್ದು ಓಡುತ್ತದೆ.

ಹೊರಡುವ ಮುನ್ನ

ಕೆಲವು ಎಚ್ಚರಿಕೆಗಳು ಅಗತ್ಯ.

ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾರ್ಚಿನಿಂದ ಜೂನ್‌ವರೆಗೆ ಸೂರ್ಯ ಏರುವ ಮೊದಲೇ ನಡೆದು ಮನೆ ಸೇರಿ, ಇಲ್ಲವೇ ಸಂಜೆ ಹೊತ್ತು ಇಳಿದ ಮೇಲೆ ಹೊರಡಿ. ನೀರು ಕುಡಿದೇ ಹೊರಡಿ.

ಕತ್ತಲಲ್ಲಿ ನಡೆಯುವವರು ಕೈಯಲ್ಲಿ ಬ್ಯಾಟರಿ ಹಿಡಿಯಿರಿ, ಬಿಳಿ ಬಟ್ಟೆ ತೊಡಿ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ಲಾರಿ ಓಡುವ ಹೆದ್ದಾರಿಗಿಂತ ಶಾಲೆಯ ಮೈದಾನ, ದೇವಾಲಯದ ಅಂಗಳ ಲೇಸು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಹೆಚ್ಚು ನಡೆಯಬೇಡಿ. ಜೇಬಿನಲ್ಲಿ ಒಂದಿಷ್ಟು ಸಕ್ಕರೆಯೋ ಗ್ಲೂಕೋಸೋ ಇರಲಿ. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಿ.

ಹರಕೆ ಹೊತ್ತು ಬರಿಗಾಲಲ್ಲಿ ವೇಲಾಂಗಣಿಗೋ ವಿಜಯವಾಡದ ಗುಣದಲಕ್ಕೋ ಪಾದಯಾತ್ರೆ ಹೋಗುವವರು ನಮ್ಮಲ್ಲಿದ್ದಾರೆ. ಅವರ ಭಕ್ತಿ ದೊಡ್ಡದು. ಆದರೆ ಹಳೆಯ ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶವೇ ತಿಳಿಯದಿರಬಹುದು. ಮುಳ್ಳು ಚುಚ್ಚಿದರೂ, ಟಾರು ಸುಟ್ಟರೂ ಗೊತ್ತಾಗದೆ ಹುಣ್ಣಾಗಿ, ಬೆರಳು ಕತ್ತರಿಸುವವರೆಗೂ ಹೋಗುತ್ತದೆ. ಅಂಥವರು ಚಪ್ಪಲಿ, ಬೂಟು ಹಾಕಿಯೇ ನಡೆಯಿರಿ, ಪ್ರತಿ ರಾತ್ರಿ ಪಾದ ತಿರುಗಿಸಿ ನೋಡಿಕೊಳ್ಳಿ. ಮಗುವಿನ ಕಾಲು ಕಳೆದುಕೊಳ್ಳುವುದನ್ನು ಯಾವ ತಾಯಿಯೂ ಬಯಸಳು, ಮಾತೆ ಮರಿಯಮ್ಮನವರೂ ಬಯಸರು.

ನಡೆಯುವಾಗ ಎದೆ ಹಿಡಿದಂತಾದರೆ, ನೋವು ಎಡತೋಳಿಗೋ ದವಡೆಗೋ ಇಳಿದರೆ, ಉಸಿರು ಕಟ್ಟಿದರೆ ಅಲ್ಲೇ ನಿಲ್ಲಿ. ಗ್ಯಾಸ್ ಎಂದು ಸೋಡಾ ಕುಡಿದು ಕೂರದೆ 108ಕ್ಕೆ ಕರೆ ಮಾಡಿ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮತ್ತು ಸಕ್ಕರೆಯ ಪರೀಕ್ಷೆ ಉಚಿತ. ನಡಿಗೆ ಆರಂಭಿಸುವ ಮೊದಲು ಅದನ್ನೊಮ್ಮೆ ಮಾಡಿಸಿಕೊಳ್ಳಿ.

ನಮ್ಮ ಧರ್ಮಕೇಂದ್ರಗಳಲ್ಲಿ

ಇದನ್ನು ಓದಿ ಮಡಚಿಡುವ ಬದಲು ಮೂರು ಕೆಲಸ ಮಾಡಬಹುದು. ದೇವಾಲಯಕ್ಕೆ ಒಂದೆರಡು ಕಿಲೋಮೀಟರ್ ಒಳಗಿರುವ ಕುಟುಂಬಗಳು ಭಾನುವಾರದ ಪೂಜೆಗೆ ನಡೆದೇ ಬರಲಿ, ಬೈಕು ಹಿರಿಯರಿಗೂ ಅಶಕ್ತರಿಗೂ ಇರಲಿ. ಮೇ ಮತ್ತು ಅಕ್ಟೋಬರ್ ತಿಂಗಳಲ್ಲಿ ಬೀದಿಯ ನಾಲ್ಕು ಮನೆಯವರು ಸೇರಿ ಜಪಸರವನ್ನು ನಡೆಯುತ್ತಾ ಹೇಳಲಿ. ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಹಾದಿಯನ್ನು ದೇವಾಲಯದ ಅಂಗಳದಲ್ಲಿ ನಡೆದು ಮಾಡಲಿ. ಮೂರನೆಯದು ಯುವಜನರಿಗೆ: ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಒಬ್ಬ ಅಜ್ಜನನ್ನೋ ಅಜ್ಜಿಯನ್ನೋ ಆರಿಸಿಕೊಳ್ಳಿ. ವಾರಕ್ಕೆ ಎರಡು ಸಂಜೆ ಅವರ ಕೈಹಿಡಿದು ಬೀದಿಯ ಕೊನೆಯವರೆಗೆ ನಡೆಸಿ ತನ್ನಿ. 2025ರ ಸೆಪ್ಟೆಂಬರಿನಲ್ಲಿ ಸಂತ ಪದವಿಗೇರಿದ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ ಎಂಬ ಇಟಲಿಯ ಯುವಕ ಬೆಟ್ಟ ಹತ್ತುವುದರಲ್ಲಿ ಆನಂದ ಕಂಡವರು. ಅಷ್ಟೇ ಪ್ರೀತಿಯಿಂದ ಬಡವರ ಮನೆಯ ಮೆಟ್ಟಿಲನ್ನೂ ಹತ್ತಿದರು. 24ನೆಯ ವಯಸ್ಸಿಗೇ ತೀರಿಕೊಂಡರೂ ಕಾಲನ್ನು ಯಾವುದಕ್ಕೆ ಬಳಸಬೇಕೆಂದು ತೋರಿಸಿ ಹೋದರು.

ನಮ್ಮ ಶರೀರ ಪವಿತ್ರಾತ್ಮರ ಆಲಯ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಆಲಯವನ್ನು ಕಟ್ಟಿಸಿ ಬೀಗ ಹಾಕಿದರೆ ಗೆದ್ದಲು ಹಿಡಿಯುತ್ತದೆ, ದಿನಾ ಬಾಗಿಲು ತೆಗೆದು ದೀಪ ಹಚ್ಚಿದರೆ ಬೆಳಗುತ್ತದೆ. ಇಂದು ಸಂಜೆಯೇ ಚಪ್ಪಲಿ ಮೆಟ್ಟಿ ಹೊರಡಿ. ಹೊರಡುವಾಗ ಪಕ್ಕದ ಮನೆಯ ಬಾಗಿಲನ್ನೂ ಒಮ್ಮೆ ತಟ್ಟಿ. ಎಮ್ಮಾವು ದಾರಿಯಲ್ಲಿ ಇಬ್ಬರ ಜೊತೆ ಮೂರನೆಯವರಾಗಿ ನಡೆದ ಪ್ರಭು ನಿಮ್ಮ ಜೊತೆಯೂ ನಡೆಯಲಿ, ನಿಮ್ಮ ಮನೆಮಂದಿಗೆಲ್ಲ ಆರೋಗ್ಯವನ್ನೂ ನೆಮ್ಮದಿಯನ್ನೂ ಕರುಣಿಸಲಿ.